ತಾತನ ಕಾಂಟೆಸ್ಸಾದ ನಾಲ್ಕು ಗಾಲಿ

“ಲೇ ಶಿವಿ, ಅಜ್ಜಿ ಹೂಂ ಅಂದ್ಳು! ತಾತನ ಕಾರಿನ ಗಾಲಿ ಬಿಚ್ಚಾಕ ಹೂಂ ಅಂದ್ಳು!”

“ಯಾವ ಅಜ್ಜಿ?”

“ನಮ್ಮಿಬ್ರಿಗೂ ಕೂಡಿ ಇರೋ ಅಜ್ಜ್ಯಾರು ಎಷ್ಟು ಮಂದಿ ಅದಾರ? ಮಕ್ತಲ್ ಅಜ್ಜಿ! ಹಾರನ್ ಒತ್ತಿದ್ರ ಕೈ ಮ್ಯಾಲ ಫಟ್ ಅಂತ ಕೊಡ್ತಾಳಲ್ಲ, ಆಕಿ!”

ನಾರಾಯಣಪೇಟೆಯ ಬಸ್ ನಿಲ್ದಾಣದಲ್ಲಿ ಕಬ್ಬಿನ ರಸದ ಗಾಡಿಯ ಗೆಜ್ಜೆ ಘಲಘಲ ಅನ್ನುತ್ತಿತ್ತು. ಶಿವಗಂಗಾ ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ಕಂಬದ ಮರೆಗೆ ಸರಿದಳು. ಅತ್ತ ಗದ್ವಾಲದಿಂದ ಕೂಗುತ್ತಿದ್ದವನು ಸೋದರಮಾವನ ಮಗ ಉದಯಕುಮಾರ. ಅವಳಿಗಿಂತ ಒಂದೇ ಒಂದು ವರ್ಷ ದೊಡ್ಡವನು. ಆ ಒಂದು ವರ್ಷವನ್ನು ಅವಳು ಇವತ್ತಿನವರೆಗೂ ಒಪ್ಪಿಕೊಂಡಿರಲಿಲ್ಲ.

“ಏನು ತಿನ್ಸಿ ಒಪ್ಪಿಸ್ದಿ ಆಕೀನ?”

“ಏನೂ ತಿನ್ಸಿಲ್ಲ. ಹ್ವಾದ ವರ್ಷ ಜುರಾಲ ಡ್ಯಾಮಿನ ಹತ್ರ ಮಳಿಯಾಗ ಹಿಂದಿನ ಗಾಲಿ ಜಾರಿ ಕಾರು ರೋಡಿಗೆ ಅಡ್ಡ ನಿಂತಿತ್ತಲ್ಲ, ಅದನ್ನ ನೆನಪು ಮಾಡ್ದೆ. ಟೈರು ಮುಟ್ಟಿಸಿ ತೋರಿಸ್ದೆ. ಅಜ್ಜಿ, ಇವು ಟೈರಲ್ಲ, ನಿನ್ನ ಗಿರಣಿ ಕಲ್ಲು ಅಂದೆ. ನಕ್ಳು. ನಕ್ರ ಮುಗೀತು.”

“ಮತ್ತ ಈಗ?”

“ಈಗೇನು, ಹೈದರಾಬಾದಿನಿಂದ ಅಲಾಯ್ ರಿಮ್ಮು ತಂದೀನಿ. ಹಿಂದಿನವೆರಡು ಅಗಲ, ಮುಂದಿನವೆರಡು ಸಣ್ಣವು. ಸ್ಟ್ಯಾಗರ್ಡ್ ಸೆಟಪ್ ಅಂತಾರ. ಹಿಂದಿನ ಗಾಲಿ ದೂಡೋ ಕಾರಿಗೆ ಹಿಂದ ಅಗಲ ಇದ್ರ ರೋಡು ಗಟ್ಟಿ ಹಿಡಿತೈತಿ. ಇನ್ನ ಟೈರು ಆರಿಸೋದು ಉಳದೈತಿ. ಸ್ಪೋರ್ಟ್ಸ್ ಟೈರು ಬೇಕು, ಆದ್ರ ನಮ್ಮ ರೋಡಿನ್ಯಾಗ ಓಡಬೇಕು. ನೀ ಬಾ. ನಿನಗ ಕೂತು ಓದಾಕ ತಾಳ್ಮೆ ಐತಿ.”

“ತಾತನ ಕಾರನ್ನ ಟ್ರ್ಯಾಕ್ಟರ್ ಮಾಡಾಕ ಹೊಂಟೀಯೇನು? ಮುಂದ ಸಣ್ಣದು, ಹಿಂದ ದೊಡ್ಡದು!”

“ಅನ್ನು, ಅನ್ನು. ಕೂತಾಗ ಗೊತ್ತಾಗ್ತೈತಿ. ಹಾಂ, ಅಜ್ಜಿ ಒಂದ ಮಾತು ಹೇಳ್ಯಾಳ. ದಸರಾಕ್ಕ ಗಾಲಿ ತಿರುವೋದು ಮಾತ್ರ ತಪ್ಪಬಾರದು ಅಂತ. ನಾ ಆತು ಅಂದೆ. ಈ ವರ್ಷ ಹಿಂದ ದಪ್ಪ, ಬರೋ ವರ್ಷ ಮುಂದ ದಪ್ಪ. ಅದ್ರಾಗೇನೈತಿ?”

ಕಾಲೇಜಿಗೆ ಹೋಗುವ ಬಸ್ಸು ಬಂತು, ಫೋನು ಕಟ್ಟಾಯಿತು. ಕಿಟಕಿ ಪಕ್ಕದ ಸೀಟು ಸಿಕ್ಕಿದ ಖುಷಿಯಲ್ಲೂ ಶಿವಗಂಗಾಳಿಗೆ ಆ ಕೊನೆಯ ಮಾತು ಹಲ್ಲಿನ ಸಂದಿಗೆ ಸಿಕ್ಕ ಎಳೆಯ ಹಾಗೆ ಕಾಡತೊಡಗಿತು. ಬರೋ ವರ್ಷ ಮುಂದ ದಪ್ಪ? ಹಾಗೆ ಆಗುತ್ತದೆಯೇ?

ತಾತ ತಾಯಪ್ಪ ಮಕ್ತಲ್‌ನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದವನು. ಒಂದು ವರ್ಷ ಪೀಕು ಕೈತುಂಬ ಬಂದು, ಹೈದರಾಬಾದಿಗೆ ಲಾರಿಯಲ್ಲಿ ಹೋದವನು ಬರುವಾಗ ಬಿಳಿ ಕಾಂಟೆಸ್ಸಾ ಕಾರಿನಲ್ಲಿ ಬಂದಿಳಿದಿದ್ದ. ದೋಣಿಯಷ್ಟು ಉದ್ದದ ಕಾರು. ಓಣಿಯ ಮೂಲೆಯಲ್ಲಿ ಒಂದೇ ಏಟಿಗೆ ತಿರುಗುತ್ತಿರಲಿಲ್ಲ. ಮುಂದೆ ಹೋಗಿ, ಹಿಂದೆ ಬಂದು, ಅಕ್ಕಪಕ್ಕದ ಮನೆಯವರೆಲ್ಲ “ಬರ್ಲಿ ಬರ್ಲಿ, ಸಾಕು ಸಾಕು” ಎಂದು ಕೂಗಿದ ಮೇಲೆ ಮನೆ ಸೇರುತ್ತಿತ್ತು. ಊರಿನಲ್ಲಿ ಯಾರ ಮದುವೆಯಾದರೂ ಮದುಮಕ್ಕಳು ಅದರಲ್ಲೇ ಕೂರಬೇಕು. ಸೀಟಿನ ಸಂದಿಗೆ ಯಾವಾಗ ಕೈ ಹಾಕಿದರೂ ನಾಲ್ಕು ಅಕ್ಷತೆ ಕಾಳು, ಒಂದೆರಡು ಶೇಂಗಾ, ಯಾರದೋ ಜಡೆಯಿಂದ ಬಿದ್ದ ಪಿನ್ನು ಸಿಗುತ್ತಿದ್ದವು. ಶಿವಗಂಗಾ ಮತ್ತು ಉದಯ ಚಿಕ್ಕವರಿದ್ದಾಗ ಅವರಿಗೆ ನಿಧಿ ಎಂದರೆ ಆ ಸಂದಿ.

ಪ್ರತ್ಯೇಕ ರಾಜ್ಯದ ಹೋರಾಟ ಕಾವೇರಿದ್ದ ದಿನಗಳಲ್ಲಿ ತಾತ ನಂಬರ್ ಪ್ಲೇಟಿನ ‘ಎಪಿ’ಯ ಮೇಲೆ ಸ್ಟಿಕ್ಕರ್ ಅಂಟಿಸಿ ‘ಟಿಜಿ’ ಮಾಡಿಕೊಂಡಿದ್ದ. ರಾಜ್ಯ ಬಂದ ದಿನ ಮನೆಯವರನ್ನೆಲ್ಲ ಕಾರಿನೊಳಗೆ ತುಂಬಿಕೊಂಡು ಮಕ್ತಲ್‌ನಿಂದ ಗದ್ವಾಲಕ್ಕೆ ಹಾರನ್ ಹೊಡೆಯುತ್ತಲೇ ಹೋಗಿದ್ದ. ದಾರಿಯುದ್ದಕ್ಕೂ ಜನ ಗುಲಾಬಿ ಬಣ್ಣ ಎರಚಿದ್ದರು. ಶಿವಗಂಗಾಳಿಗೆ ಆಗ ಹತ್ತು ವರ್ಷ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಲ್ಲಿನವರೆಗೂ ಗುಲಾಬಿ ಮಾಡಿಕೊಂಡಿದ್ದಳು. ಬಾನೆಟ್ಟಿನ ಮೂಲೆಯ ಗೆರೆಯೊಳಗೆ ಆ ಬಣ್ಣ ಇನ್ನೂ ಒಂದು ಚಿಟಿಕೆ ಉಳಿದಿತ್ತು. ಅಜ್ಜಿ ಅಮರಮ್ಮ ಅದನ್ನು ಉಜ್ಜಲು ಯಾರಿಗೂ ಬಿಟ್ಟಿರಲಿಲ್ಲ. ಆಮೇಲೆ ಸರ್ಕಾರ ‘ಟಿಎಸ್’ ಎಂದಾಗ ತಾತ ಮುನಿಸಿಕೊಂಡು, ತನ್ನ ಸ್ಟಿಕ್ಕರನ್ನು ತೆಗೆಯುವುದಿಲ್ಲ ಎಂದು ಹಠ ಹಿಡಿದಿದ್ದ. ಮರುವರ್ಷ ತೀರಿಕೊಂಡ. ಈ ವರ್ಷ ರಾಜ್ಯದ ಹೊಸ ಗಾಡಿಗಳಿಗೆಲ್ಲ ‘ಟಿಜಿ’ ಎಂದೇ ನಂಬರು ಬಂದಾಗ, ಅಜ್ಜಿ ತನ್ನ ಹಿಟ್ಟಿನ ಗಿರಣಿಗೆ ಬಂದವರ ಮುಂದೆಲ್ಲ ಹೇಳಿದ್ದೇ ಹೇಳಿದ್ದು: “ನಮ್ಮನಿಯವ್ರು ಆಗಲೇ ಬರ್ದಿದ್ರು. ಸರ್ಕಾರಕ್ಕ ತಿಳಿಯಾಕ ಇಷ್ಟು ವರ್ಷ ಬೇಕಾತು.”

ಗಾಲಿ ತಿರುವುವುದೂ ತಾತನೇ ಹಾಕಿದ ಪದ್ಧತಿ. ಆಯುಧ ಪೂಜೆಯ ದಿನ ಎಲ್ಲರೂ ಗಾಡಿ ತೊಳೆದು, ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತಾರೆ. ತಾತ ಅದಕ್ಕೂ ಮೊದಲು ಕಾರನ್ನು ಜಾಕಿನ ಮೇಲೆತ್ತಿ ನಾಲ್ಕೂ ಗಾಲಿ ಬಿಚ್ಚಿಸುತ್ತಿದ್ದ. ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಟೈರು ಸಮನಾಗಿ ಸವೆಯಲಿ ಎಂಬುದು ಮೆಕ್ಯಾನಿಕ್ಕಿನ ಲೆಕ್ಕ. ತಾತನ ಲೆಕ್ಕ ಬೇರೆ: “ವರ್ಷವಿಡೀ ಒಬ್ಬನೇ ಮುಂದ ಇದ್ರ ಅವನಿಗೆ ಸೊಕ್ಕು ಬರ್ತೈತಿ.” ನಾಲ್ಕು ಗಾಲಿಗೂ ಒಬ್ಬೊಬ್ಬರು ಒಡೆಯರಿದ್ದರು. ರಿಮ್ಮಿನ ಒಳಮೈಯಲ್ಲಿ ತಾತ ಪೇಂಟಿನಿಂದ ಹೆಸರು ಬರೆದಿದ್ದ. ಮಗಳು ಶೈಲಜಾಳದು ‘ಶೈಲು’, ಮಗ ಸಿದ್ದರಾಮೇಶನದು ‘ಸಿದ್ದು’, ಮೊಮ್ಮಕ್ಕಳದು ‘ಶಿವಿ’, ‘ಉದ್ಯಾ’. ಅವರವರ ಗಾಲಿಯನ್ನು ಅವರವರೇ ಅಂಗಳದಲ್ಲಿ ಉರುಳಿಸಿಕೊಂಡು ಹೋಗಿ ಹೊಸ ಜಾಗಕ್ಕೆ ಹಚ್ಚಬೇಕು. ಡಿಕ್ಕಿಯೊಳಗಿನ ಐದನೆಯ ಗಾಲಿಯ ಮೇಲೆ ‘ಅಮರ’ ಎಂದಿತ್ತು. “ನಾ ಸ್ಟೆಪ್ನಿ,” ಎನ್ನುತ್ತಿದ್ದಳು ಅಜ್ಜಿ. “ನಿಮ್ಮಾಗ ಯಾರರ ಬಿದ್ರ ನಾ ಎದ್ದು ಬರ್ತೀನಿ. ಅಲ್ಲೀತನ ಮಲಗಿರ್ತೀನಿ.”

ತಾತ ಹೋದಮೇಲೆ ಮನೆಯವರೆಲ್ಲ ಒಂದೇ ಅಂಗಳದಲ್ಲಿ ಸೇರುತ್ತಿದ್ದುದು ಆ ಒಂದು ದಿನ ಮಾತ್ರ. ಶಿವಗಂಗಾಳ ಅವ್ವ ಶೈಲಜಾ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಮಾಮ ಸಿದ್ದರಾಮೇಶ ಗದ್ವಾಲದಲ್ಲಿ ಹತ್ತಿಬೀಜದ ಅಂಗಡಿ ಇಟ್ಟಿದ್ದ. ಮೊದಲು ಎಲ್ಲರದೂ ಒಂದೇ ಜಿಲ್ಲೆ ಇತ್ತು. ಆಮೇಲೆ ಗದ್ವಾಲ ಒಂದಾಯಿತು, ನಾರಾಯಣಪೇಟೆ ಇನ್ನೊಂದಾಯಿತು. “ನಿಮ್ಮ ಜಿಲ್ಲಾಕ್ಕ ಬರ್ಬೇಕಂದ್ರ ಕಲೆಕ್ಟರ್ ಪರ್ಮಿಶನ್ ಬೇಕೇನಕ್ಕಾ” ಎಂದು ಮಾಮ ನಗೆಯಾಡುತ್ತಿದ್ದ. ನಗೆಯಾಡುತ್ತಲೇ ಬರುವುದು ಕಡಿಮೆಯಾಗಿತ್ತು.

ಅವತ್ತು ಸಂಜೆ ಶಿವಗಂಗಾ ಸುದ್ದಿ ಹೇಳಿದಾಗ ಅವ್ವ ಸೀರೆ ಮಡಚುತ್ತಿದ್ದ ಕೈ ನಿಲ್ಲಿಸಿದಳು.

“ಗಾಲಿ ಬಿಚ್ಚಿದ್ರಾ? ಅಪ್ಪ ಹೆಸರು ಬರ್ದ ಗಾಲಿ?”

“ಇನ್ನ ಬಿಚ್ಚಿಲ್ಲವ್ವ. ರಿಮ್ಮು ಬಂದಾವಷ್ಟ.”

“ನಿಮ್ಮ ಮಾಮಗ ನನ್ನ ಒಂದು ಮಾತು ಕೇಳಾಕ ಬಾಯಿ ಇದ್ದಿಲ್ಲೇನು? ಫೋನು ಇದ್ದಿಲ್ಲೇನು?” ಅವ್ವ ಸೀರೆಯನ್ನು ಮತ್ತೆ ಮಡಚತೊಡಗಿದಳು, ಅಂಚಿಗೆ ಅಂಚು ಕೂಡದ ಹಾಗೆ. “ಅದಿರ್ಲಿ. ಮುಂದ ಸಣ್ಣದು, ಹಿಂದ ದಪ್ಪದು ಅಂದ್ರ ತಿರುವೋದೆಂಗ? ನನ್ನ ಹೆಸರಿನ ಗಾಲೀನೂ ಇಲ್ಲ, ತಿರುವೋದೂ ಇಲ್ಲ ಅಂದಮ್ಯಾಲ ನಾ ಯಾಕ ಬರ್ಲಿ? ಈ ಸಲ ನೀ ಒಬ್ಬಾಕೀನ ಹೋಗು.”

ಬಸ್ಸಿನಲ್ಲಿ ಕಾಡಿದ್ದ ಎಳೆ ಈಗ ಕೈಗೆ ಸಿಕ್ಕಿತು. ಉದಯ ಒಂದು ಕ್ಷಣವೂ ಯೋಚಿಸದ್ದನ್ನು ಅವ್ವ ಸೀರೆ ಮಡಚುತ್ತಲೇ ಹೇಳಿಬಿಟ್ಟಿದ್ದಳು. ಗಾಲಿ ತಿರುವುವುದು ನಿಂತರೆ ಅವ್ವ ಮಕ್ತಲ್‌ಗೆ ಬರುವುದಿಲ್ಲ. ಅವ್ವ ಬರದಿದ್ದರೆ ಮಾಮ ಮುಂದಿನ ವರ್ಷ ಒಂದು ನೆಪ ಹೇಳುತ್ತಾನೆ. ಆಮೇಲೆ ಆ ಅಂಗಳದಲ್ಲಿ ಕಾರೂ ಅಜ್ಜಿಯೂ ಮಾತ್ರ ಇರುತ್ತಾರೆ. ಶಿವಗಂಗಾಳಿಗೆ ಊಟ ಸೇರಲಿಲ್ಲ. ನಿಜ ಹೇಳಬೇಕೆಂದರೆ ಸೇರಿತು, ಆದರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಅವಳ ಮಟ್ಟಿಗೆ ಅದೇ ಉಪವಾಸ.

ಆ ಭಾನುವಾರ ಅವಳು ಮಕ್ತಲ್‌ನಲ್ಲಿ ಇಳಿದಾಗ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುತ್ತಿದ್ದರು. ಅಂಗಳದಲ್ಲಿದ್ದವರೆಲ್ಲ ಸರದಿಯ ಮೇಲೆ ಸೀನುತ್ತಿದ್ದರು. ಅಜ್ಜಿಯೊಬ್ಬಳೇ ಸೀನದೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಾರಿನ ಪಕ್ಕ ನಿಂತಿದ್ದಳು. ಕಾರಿನ ಮುಂದೆ ಸಿದ್ದರಾಮೇಶ ಮಾಮ ಬಿಳಿ ಅಂಗಿಗೆ ಗ್ರೀಸು ತಾಗದ ಹಾಗೆ ಕೈ ದೂರ ಹಿಡಿದುಕೊಂಡಿದ್ದ. ಉದಯ ಒಂದು ಅಗಲದ ರಿಮ್ಮಿಗೆ ಪರೀಕ್ಷೆಗೆಂದು ಯಾರದೋ ಹಳೆಯ ದಪ್ಪ ಟೈರು ಹಾಕಿಸಿಕೊಂಡು ಬಂದಿದ್ದ. ಅದನ್ನು ಹಿಂದಿನ ಜಾಗಕ್ಕೆ ಹಚ್ಚಿದರು. ಖರೆ ಹೇಳಬೇಕೆಂದರೆ ಚೆಂದ ಕಂಡಿತು. ಮುದುಕ ಕಾಂಟೆಸ್ಸಾ ಕಚ್ಚೆ ಬಿಗಿದು ಕುಸ್ತಿಗೆ ನಿಂತ ಹಾಗಿತ್ತು.

“ನೋಡಿದೇನಜ್ಜಿ!” ಉದಯ ಎದೆ ಉಬ್ಬಿಸಿದ. “ಇನ್ನ ಮಳಿ ಬರ್ಲಿ, ಡ್ಯಾಮಿನ ನೀರು ಬರ್ಲಿ.”

“ಚಲೋ ಐತಿ,” ಎಂದಳು ಅಜ್ಜಿ. “ಇನ್ನ ಬರೋ ವರ್ಷದ್ದು ತೋರ್ಸು.”

“ಬರೋ ವರ್ಷದ್ದು?”

“ಬರೋ ವರ್ಷ ಇದು ಮುಂದ ಬರ್ತೈತಿ ಅಂದೀಯಲ್ಲ. ಮುಂದ ಹಚ್ಚಿ ತೋರ್ಸು.”

ಮುಂದೆ ಹಚ್ಚಿದರು. ಮಾಮ ಸೀಟಿನಲ್ಲಿ ಕುಳಿತು ಸ್ಟೀರಿಂಗ್ ಬಲಕ್ಕೆ ತಿರುಗಿಸಿದ. ಅರ್ಧ ತಿರುಗುವಷ್ಟರಲ್ಲಿ ಗಾಲಿ ಮಡ್‌ಗಾರ್ಡಿಗೆ ತಾಗಿ ಕರ್ರ್ ಎಂದಿತು. ಎಡಕ್ಕೆ ತಿರುಗಿಸಿದ. ಅಲ್ಲಿಯೂ ಕರ್ರ್. ಗಿರಣಿಗೆ ಬಂದಿದ್ದ ಬುಗ್ಗಮ್ಮ ಎಂಬ ಮುದುಕಿ ಹಿಟ್ಟಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡೇ, “ಯಪ್ಪಾ, ನನ್ನ ಮೊಣಕಾಲಿಗಿಂತ ಕೆಟ್ಟ ಸಪ್ಪಳ ಮಾಡ್ತೈತಿ ನಿಮ್ಮ ಕಾರು” ಎಂದಳು.

ಯಾರೂ ನಗಲಿಲ್ಲ. ಶಿವಗಂಗಾಳಿಗೆ ಮಾತ್ರ ನಗು ಬಂತು. ಸೀನಿದ ಹಾಗೆ ಮಾಡಿ ನುಂಗಿಕೊಂಡಳು.

“ಉದ್ಯಾ,” ಎಂದಳು ಅಜ್ಜಿ ಮೆಲ್ಲಗೆ. ಅಜ್ಜಿ ಮೆಲ್ಲಗೆ ಮಾತಾಡಿದರೇ ಎಲ್ಲರಿಗೂ ಭಯ. “ನೀ ರಿಮ್ಮು ತರೋಕ್ಕಿಂತ ಮೊದ್ಲು ಇದನ್ನ ಯಾಕ ನೋಡಿಲ್ಲ?”

“ಪ್ರತಿ ವರ್ಷ ತಿರುವ್ತೀವಲ್ಲಜ್ಜಿ… ಇವೂ ತಿರುಗ್ತಾವ ಅನ್ಕೊಂಡೆ.”

ಬೇರೆ ಯಾರಾದರೂ ಈ ತಪ್ಪು ಮಾಡುತ್ತಿದ್ದರೇ? ಹುಟ್ಟಿದಾಗಿನಿಂದ ಪ್ರತಿ ದಸರೆಗೂ ಮುಂದಿನದು ಹಿಂದೆ, ಹಿಂದಿನದು ಮುಂದೆ ಹೋಗುವುದನ್ನೇ ನೋಡುತ್ತ ಬೆಳೆದವನು ಮಾತ್ರ ಮಾಡಬಹುದಾದ ತಪ್ಪು ಅದು. ಶಿವಗಂಗಾಳಿಗೆ ಅವನ ಮೇಲೆ ಸಿಟ್ಟೂ ಬಂತು, ಒಂದು ಚೂರು ಪ್ರೀತಿಯೂ ಬಂತು. ಎರಡನ್ನೂ ತೋರಿಸಲಿಲ್ಲ.

“ತಿರುವಾಕ ಬರದ ಗಾಲಿ ನನ್ನ ಅಂಗಳದಾಗ ಬ್ಯಾಡ,” ಎಂದಳು ಅಜ್ಜಿ. “ಹಳೇವ ಹಚ್ರಿ.”

“ಅವ್ವಾ, ಹಳೇ ಟೈರು ಕಲ್ಲಾಗ್ಯಾವು, ರಿಮ್ಮೂ ತುಕ್ಕು ಹಿಡ್ದು ಹೊಸ ಟೈರು ಹಿಡಿಯಂಗಿಲ್ಲ,” ಮಾಮ ಕಾರಿನಿಂದ ಇಳಿದ. “ಹ್ವಾದ ಸಲ ನಾನ ಸ್ಟೀರಿಂಗ್ ಹಿಡ್ದಿದ್ದೆ. ಕಾರು ನೀರಿನ ಕಡೆ ತಿರುಗಿದಾಗ ನನಗೇನಾತು ನನಗ ಗೊತ್ತು. ಅವುನ್ನ ಹಚ್ಕೊಂಡು ನಾ ಇನ್ನೊಮ್ಮಿ ರೋಡಿಗೆ ಇಳಿಯಾಕಿಲ್ಲ. ಹಂಗಾದ್ರ ಕಾರು ಶೆಡ್ಡಿನ್ಯಾಗ ನಿಂದ್ರಲಿ. ಪೂಜಿ ಮಾಡಿ ಮುಚ್ಚಿಡೋಣ.”

ಮುಚ್ಚಿಡೋಣ ಎಂಬ ಮಾತು ಬಿದ್ದದ್ದೇ ಅಜ್ಜಿ ಬಾನೆಟ್ಟಿನ ಗುಲಾಬಿ ಚಿಟಿಕೆಯ ಮೇಲೆ ಕೈ ಇಟ್ಟಳು.

“ಮಾಮಾ, ಒಂದೀಟು ತಡೀರಿ,” ಶಿವಗಂಗಾ ನಡುವೆ ಬಾಯಿ ಹಾಕಿದಳು. “ಮುಂದ ಹಿಂದ ತಿರುವಾಕ ಬರಲ್ಲ, ಆತು. ಎಡಬಲ ತಿರುವಿದ್ರ? ಮುಂದಿನವೆರಡೂ ಒಂದ ಸೈಜು. ಹಿಂದಿನವೆರಡೂ ಒಂದ ಸೈಜು. ಎಡದ್ದು ಬಲಕ್ಕ, ಬಲದ್ದು ಎಡಕ್ಕ.”

ಉದಯ ಅವಳ ಮುಖ ನೋಡಿದ. ಅಜ್ಜಿ ಕಾರು ನೋಡಿದಳು, ಮುಂದಿನ ಎರಡು, ಹಿಂದಿನ ಎರಡು.

“ತಿರುವೋದು ತಿರುವೋದ,” ಎಂದಳು ಕೊನೆಗೆ. “ಆದ್ರ ಬರೋಬರಿ ನೋಡ್ಕೊಂಡು ಬರ್ರಿ. ಇನ್ನೊಮ್ಮಿ ಕರ್ರ್ ಅಂದ್ರ ಇಬ್ರನೂ ಗಿರಣಿಗೆ ಹಾಕ್ತೀನಿ.”

ಅವತ್ತೇ ಇಬ್ಬರೂ ಗದ್ವಾಲದ ಬಸ್ಸು ಹತ್ತಿದರು. ಅಲ್ಲಿ ಅಂಜಯ್ಯನ ಟೈರಿನ ಅಂಗಡಿ ರಾಯಚೂರು ರಸ್ತೆಯ ಮೇಲಿತ್ತು. ಅಂಜಯ್ಯ ತೆಲುಗು ಮನುಷ್ಯ. ಗಿರಾಕಿ ಯಾವ ಭಾಷೆಯವರಾದರೂ ಅವನ ಕನ್ನಡ ಎರಡು ವಾಕ್ಯ ಓಡಿ ಮೂರನೆಯದಕ್ಕೆ ತೆಲುಗಿಗೆ ಜಾರುತ್ತಿತ್ತು. ಲೋಕದ ಯಾವ ಟೈರಿನ ಬಗ್ಗೆ ಕೇಳಿದರೂ ಅವನ ಉತ್ತರ ಒಂದೇ: “ನಂಬರ್ ವನ್ ಮಾಲು.”

“ಈ ಬಾಣದ್ದು ನೋಡಮ್ಮಾ,” ಎನ್ನುತ್ತ ಅವನು ಒಂದು ಟೈರನ್ನು ಮಗುವಿನ ಹಾಗೆ ಎತ್ತಿ ತಂದ. “ಮುಂದಿನ ಸೈಜೂ ಐತಿ, ಹಿಂದಿನ ಸೈಜೂ ಐತಿ. ಇವತ್ತ ಹಾಕಿ ಕಳಸ್ತೀನಿ. ಸೂಪರ್ ಉಂಟದಿ.”

ಚೆಂದವೇನೋ ಇತ್ತು. ಮೈಯ ಮೇಲಿನ ಗೆರೆಗಳೆಲ್ಲ ಬಾಣದ ತುದಿಯ ಹಾಗೆ ಒಂದೇ ಕಡೆ ಮುಖ ಮಾಡಿದ್ದವು. ಉದಯನ ಕಣ್ಣು ಅದಕ್ಕೇ ಅಂಟಿಕೊಂಡವು. “ಲೇ ಶಿವಿ, ಓಡೂಲ್ಲ, ಹಾರ್ತೈತಿ ನೋಡು ಇದು.”

ಶಿವಗಂಗಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಫೋನಿನಲ್ಲಿ ಓದುತ್ತ ಬಂದಿದ್ದಳು. ಕಣ್ಣು ಉರಿಯುತ್ತಿದ್ದವು, ಬ್ಯಾಟರಿ ಸಾಯುತ್ತಿತ್ತು. ಅವಳು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಮಗ್ಗುಲನ್ನು ಬೆರಳಿನಿಂದ ಸವರಿದಳು. ಅಲ್ಲಿ ಒಂದು ಸಣ್ಣ ಬಾಣದ ಗುರುತು ಇತ್ತು. ಗಾಲಿ ಯಾವ ಕಡೆ ಉರುಳಬೇಕು ಎಂದು ತೋರಿಸುವ ಬಾಣ.

“ಇದು ಬ್ಯಾಡ,” ಎಂದಳು.

“ಯಾಕ?” ಉದಯನಿಗೆ ಯಾರೋ ಕೈಯಿಂದ ಜಿಲೇಬಿ ಕಸಿದ ಹಾಗಾಯಿತು.

“ಇದು ಒಂದ ಕಡೆ ಉರುಳೋ ಟೈರು. ಎಡಕ್ಕ ಹಚ್ಚಿದ್ದನ್ನ ಹಂಗ ಬಲಕ್ಕ ಒಯ್ದ್ರ ಬಾಣ ಹಿಂದಕ್ಕ ಮುಖ ಮಾಡ್ತೈತಿ. ಮಳಿ ನೀರು ಹೊರಗ ಹಾಕೋ ಗೆರಿ ಉಲ್ಟಾ ಆಗ್ತಾವ. ಜುರಾಲದಾಗ ಜಾರಿದ್ದು ಸಾಲ್ದಾ?”

“ರಿಮ್ಮಿನಿಂದ ಬಿಚ್ಚಿ ತಿರುವಿ ಹಾಕಿದ್ರಾತು. ಅಂಜಯ್ಯ ಹಾಕ್ತಾನ.”

“ವೇಸ್ತಾನು,” ಎಂದ ಅಂಜಯ್ಯ. “ಪ್ರತಿ ವರ್ಷ ರಂಡಿ, ಬರ್ರಿ.”

“ಪ್ರತಿ ದಸರಾಕ್ಕ ಅಂಜಯ್ಯನ್ನ, ಅವನ ಮಶೀನನ್ನ ಮಕ್ತಲ್ ಅಂಗಳಕ್ಕ ಹೊತ್ಕೊಂಡು ಹೋಗ್ತೀಯಾ? ಗಾಲಿ ಉರುಳಿಸೋದು ನಾವೋ, ಅವನೋ?”

“ಹಂಗಾದ್ರ ಇದು?” ಉದಯ ಇನ್ನೊಂದನ್ನು ಎಳೆದ. ಅದರ ಮೇಲೆ ಗೆರೆಗಳೇ ಕಡಿಮೆ. ಉಗುರಿನಿಂದ ಒತ್ತಿದರೆ ಬೆಣ್ಣೆಯ ಹಾಗೆ ಒಳಹೋಗುವಷ್ಟು ಮೆದು ರಬ್ಬರು. “ರೇಸಿನ ಟೈರಿನ ತಮ್ಮ. ಡಾಂಬರಿಗೆ ಅಂಟ್ಕೊಂಡ ಓಡ್ತೈತಿ.”

“ನಮ್ಮ ಬೇಸಿಗಿಯಾಗ ಅಂಟ್ಕೊಂಡು ಅಲ್ಲೇ ಉಳಿತೈತಿ. ಒಂದ ವರ್ಷಕ್ಕ ಸವದ್ರ ಮುಂದಿನ ದಸರಾಕ್ಕ ಏನು ತಿರುವ್ತಿ, ಬರೇ ರಿಮ್ಮಾ? ಗೆರಿ ಇಲ್ಲಂದ್ರ ನೀರು ಎಲ್ಲಿ ಹೋಗ್ಬೇಕು?”

ಉದಯ ಸಿಟ್ಟಿನಿಂದ ಹೊರಗೆ ಹೋಗಿ ಚಹಾ ಹೇಳಿ ಬಂದ. ಸಿಟ್ಟಿದ್ದರೂ ಮೂರು ಚಹಾ ಹೇಳಿದ್ದ.

ಶಿವಗಂಗಾ ಅಂಗಡಿಯ ಹಿಂದಿನ ಸಾಲಿಗೆ ಹೋದಳು. ಧೂಳಿನ ನಡುವೆ ಒಂದು ಟೈರು ಅವಳ ಕಣ್ಣಿಗೆ ಬಿತ್ತು. ಬಾಣ ಇರಲಿಲ್ಲ. ಒಂದು ಅಂಚಿನಲ್ಲಿ ದಪ್ಪ ದಪ್ಪ ಕಟ್ಟೆ, ಇನ್ನೊಂದು ಅಂಚಿನಲ್ಲಿ ನೀರಿಗೆ ಉದ್ದುದ್ದ ಗೆರೆ. ಮಗ್ಗುಲ ಮೇಲೆ ‘ಔಟ್‌ಸೈಡ್’ ಎಂದು ಅಚ್ಚೊತ್ತಿತ್ತು. ಅವಳು ಅದನ್ನು ನೆಲದ ಮೇಲೆ ನಿಲ್ಲಿಸಿ, ಮುಂದಕ್ಕೆ ಉರುಳಿಸಿದಳು. ಹಿಂದಕ್ಕೆ ಉರುಳಿಸಿದಳು. ಯಾವ ಕಡೆ ಉರುಳಿದರೂ ಅದಕ್ಕೆ ತಕರಾರಿರಲಿಲ್ಲ. ಹೊರಮಗ್ಗುಲು ಹೊರಗೆ ಇರಬೇಕು, ಅಷ್ಟೇ. ಗಾಲಿಯನ್ನು ಇಡಿಯಾಗಿ ಎಡದಿಂದ ಬಲಕ್ಕೆ ಒಯ್ದು ಹಚ್ಚಿದರೂ ಹೊರಮಗ್ಗುಲು ಹೊರಗೇ ಉಳಿಯುತ್ತದೆ.

ಅವಳ ಎದೆ ಡವಡವ ಅಂದಿತು. ಟೈರು ನೋಡಿ ಎದೆ ಹೊಡೆದುಕೊಂಡ ಹುಡುಗಿ ತಾನೊಬ್ಬಳೇ ಇರಬೇಕು ಅನ್ನಿಸಿತು.

“ಅಂಜಯ್ಯನವ್ರ, ಇದು ಎರಡೂ ಸೈಜಿನ್ಯಾಗ ಐತೇನ್ರಿ? ಮುಂದ ಒಂದು ಜಾತಿ, ಹಿಂದ ಒಂದು ಜಾತಿ ಆದ್ರ ನಡಿಯಾಕಿಲ್ಲ.”

“ಮುಂದಿಂದು ಐತಿ. ಹಿಂದಿನ ಅಗಲದ್ದು ಹೈದರಾಬಾದಿನಿಂದ ತರಸ್ಬೇಕಮ್ಮಾ. ಪೂಜಿ ಒಳಗ ಬರ್ತೈತೋ ಇಲ್ಲೋ ಚೆಪ್ಪಲೇನು, ಹೇಳಾಕ ಆಗಂಗಿಲ್ಲ. ಬಾಣದ್ದು ಇವತ್ತ ಒಯ್ಯಿರಿ.”

ಉದಯ ಬಾಣದ ಟೈರಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಶಿವಗಂಗಾ ಸಾಯುತ್ತಿದ್ದ ಫೋನಿನಿಂದ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಳು. ಪರದೆಯಲ್ಲಿ ಮೊದಲು ಗಿರಣಿಯ ಸೂರು, ಆಮೇಲೆ ಅಜ್ಜಿಯ ಹಣೆ ಮಾತ್ರ ಕಂಡವು. ಇವಳು ಎರಡೂ ಟೈರು ತೋರಿಸಿ, ಉರುಳಿಸಿ, ಎಡ ಬಲ ಎಂದು ಕೈ ತಿರುಗಿಸಿ ಹೇಳಿದಳು. ಅಜ್ಜಿಯ ಹಣೆ ಪರದೆಗೆ ಇನ್ನಷ್ಟು ಹತ್ತಿರ ಬಂತು.

“ಅಂದ್ರ ಅವು ಚಪ್ಪಲಿ,” ಎಂದಿತು ಹಣೆ. “ಎಡಗಾಲಿಂದು ಬಲಗಾಲಿಗೆ ಬರಂಗಿಲ್ಲ. ಇವು ಬಳಿ. ಯಾವ ಕೈಗಾದ್ರೂ ಹಾಕ್ಕೋಬೋದು.”

“ಹೂಂ ಅಜ್ಜಿ! ಹಂಗ!”

“ಬಳಿ ತಗೊಳ್ರಿ.”

“ಅಜ್ಜಿ,” ಉದಯ ಫೋನಿನೊಳಗೆ ಮುಖ ತೂರಿಸಿದ, “ಇನ್ನೊಂದ ಮಾತು. ಮುಂದೊಂದು ಸೈಜು, ಹಿಂದೊಂದು ಸೈಜು ಆತಲ್ಲ, ನಿನ್ನ ಸ್ಟೆಪ್ನಿ ಯಾವುದಕ್ಕೂ ಜೋಡಿ ಆಗಂಗಿಲ್ಲ.”

“ನಾ ಯಾವಾಗ ಯಾರಿಗೆ ಜೋಡಿ ಆಗಿದ್ದೆ? ನಟ್ಟಿಗೆ ಕೂಡ್ತೈತಿಲ್ಲೋ?”

“ಕೂಡ್ತೈತಿ. ಎತ್ತರಾನೂ ಹತ್ರ ಹತ್ರ ಐತಿ. ಪಂಕ್ಚರ್ ಅಂಗಡಿತನ ಮೆಲ್ಲಕ ಹೋಗ್ಬೋದು.”

“ಸಾಕು. ನಾ ಹಳೇ ಗಾಲಿನ ಇರ್ತೀನಿ. ಮನೀತನ ಮುಟ್ಟಿಸೋದಷ್ಟ ನನ್ನ ಕೆಲಸ.”

ಫೋನು ಸತ್ತಿತು. ಉದಯ ಬಾಣದ ಟೈರನ್ನು ಒಮ್ಮೆ ಸವರಿ, ಅಂಜಯ್ಯನ ಕಡೆ ತಳ್ಳಿದ. “ಒಳಗಿಡು ಅಂಜಯ್ಯ. ನನ್ನ ಕಣ್ಣಿಗೆ ಬೀಳಬಾರದು.” ಆಮೇಲೆ ಶಿವಗಂಗಾಳ ಕಡೆ ತಿರುಗಿ, “ನನಗೂ ನಿನಗೂ ಹಿಂದಿನ ದಪ್ಪನವ ಬರ್ತಾವ, ನೆನಪಿಟ್ಕೋ. ಎತ್ತಾಕ ಆಗ್ತೈತಿಲ್ಲೋ, ಈಗಿಂದ ಎರಡು ರೊಟ್ಟಿ ಹೆಚ್ಚಿಗೆ ತಿನ್ನು” ಎಂದ. ಅದು ಅವನ ಸೋಲಿನ ಮಾತು. ಅವಳು ಅದನ್ನು ಅಷ್ಟಕ್ಕೇ ಬಿಟ್ಟಳು.

ಹಿಂದಿನ ಟೈರುಗಳು ಬರುವ ಸುದ್ದಿಯೇ ಇರಲಿಲ್ಲ. ದಸರೆ ರಜೆ ಶುರುವಾಯಿತು, ಹೂವಿನ ಹಬ್ಬ ಬತುಕಮ್ಮದ ಹಾಡು ಓಣಿಯಲ್ಲಿ ಕೇಳತೊಡಗಿತು, ಶಿವಗಂಗಾ ಹೂವಿನ ನಡುವೆಯೂ ಫೋನು ನೋಡುತ್ತ ಕೂತಳು. ಫೋನು ಸದ್ದು ಮಾಡಿದಾಗಲೆಲ್ಲ ಅವ್ವನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆಯುಧ ಪೂಜೆಯ ಹಿಂದಿನ ದಿನ ಮಧ್ಯಾಹ್ನ ಉದಯನಿಂದ ಒಂದು ಫೋಟೋ ಬಂತು. ಮಕ್ತಲ್‌ನ ಅಂಗಳದ ಗೋಡೆಗೆ ಆನಿಸಿಟ್ಟ ನಾಲ್ಕು ಹೊಸ ಗಾಲಿಗಳು, ಎರಡು ಸಣ್ಣವು, ಎರಡು ದಪ್ಪವು. ಮೂಲೆಯಲ್ಲಿ ಅಜ್ಜಿಯ ಅರ್ಧ ಹಣೆ.

ಅವಳು ಫೋನು ಹಿಡಿದು ಅಂಗಡಿಗೆ ಓಡಿದಳು. ಹಬ್ಬದ ಗಿರಾಕಿಗಳು ಆಗಷ್ಟೇ ಎದ್ದು ಹೋಗಿದ್ದರು. ಅವ್ವ ಬಿಚ್ಚಿದ ಸೀರೆಗಳ ನಡುವೆ ಕೂತಿದ್ದಳು. ಶಿವಗಂಗಾ ಮಾತಿಲ್ಲದೆ ಅವ್ವನ ಎರಡೂ ಕೈ ಹಿಡಿದು, ಎಡಗೈಯಿಂದ ಒಂದು ಬಳೆ, ಬಲಗೈಯಿಂದ ಒಂದು ಬಳೆ ಬಿಚ್ಚಿ, ಅದಲು ಬದಲು ತೊಡಿಸಿದಳು.

“ಏನು ಹುಚ್ಚೇ ಇದು?”

“ಹಿಂಗ ತಿರುಗ್ತಾವವ್ವ ಹೊಸ ಗಾಲಿ. ಮುಂದಿನವು ಮುಂದ, ಹಿಂದಿನವು ಹಿಂದ, ಆದ್ರ ಎಡದ್ದು ಬಲಕ್ಕ. ಹುಡುಕಿ ಹುಡುಕಿ ಅಂಥವ ತಂದೀವಿ. ಮುಂದಿನವೆರಡು ನಿಂದು, ಮಾಮಂದು.”

ಅವ್ವ ಬಳೆಗಳನ್ನು ನೋಡಿದಳು. ತಾತನ ಕಾಲದಿಂದಲೂ ಅವಳ ಗಾಲಿ ಯಾವಾಗಲೂ ಎಡಗಡೆಯೇ ಮುಂದೆ ಹಿಂದೆ ಓಡಾಡಿಕೊಂಡಿರುತ್ತಿತ್ತು, ತಮ್ಮನದು ಬಲಗಡೆ. ನಡುವೆ ಇಡೀ ಕಾರು. ಇಷ್ಟು ವರ್ಷಗಳಲ್ಲಿ ಗಾಲಿ ಉರುಳಿಸುವಾಗ ಅಕ್ಕ ತಮ್ಮ ಒಮ್ಮೆಯೂ ಒಬ್ಬರಿಗೊಬ್ಬರು ಅಡ್ಡ ಬಂದಿರಲಿಲ್ಲ.

“ಅಂದ್ರ ಬಾನೆಟ್ಟಿನ ಮುಂದ ನಾವಿಬ್ರೂ ಎದುರುಬದುರು ಬರ್ತೀವಿ,” ಎಂದಳು.

“ಹೂಂ.”

“ದಾರಿ ಯಾರು ಬಿಡಬೇಕು?”

ಶಿವಗಂಗಾ ಇದನ್ನು ಎಲ್ಲಿಯೂ ಓದಿರಲಿಲ್ಲ. “ಗೊತ್ತಿಲ್ಲವ್ವ.”

“ಅವನ ಬಿಡಬೇಕು. ನಾ ದೊಡ್ಡಾಕಿ.” ಅವ್ವ ಕೈ ಚಾಚಿದಳು. “ಫೋನು ತಾ.”

ಅತ್ತ ಕಡೆ ಮೂರು ಸಲ ರಿಂಗಾಯಿತು. ಮಾಮನ “ಹಲೋ” ಕೇಳಿದ ಮೇಲೂ ಅವ್ವ ಸೀರೆಯ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು.

“ಸಿದ್ದು, ನಾ. ಹೊಸ ರಿಮ್ಮಿನ ಮ್ಯಾಲ ಹೆಸರು ಬರ್ದಿಯೇನು?”

“ಇಲ್ಲಕ್ಕಾ.” ಮಾಮನ ದನಿ ಅಂಗಡಿಯ ತುಂಬ ಕೇಳಿಸಿತು. “ಬ್ರಶ್ಶು, ಪೇಂಟು ತಂದಿಟ್ಟೀನಿ. ನನ್ನ ಅಕ್ಷರ ಸೊಟ್ಟ. ಅಪ್ಪನಂಗ ದುಂಡಗ ಬರಿಯಾಕ ನಿನಗಷ್ಟ ಬರ್ತೈತಿ. ನೀ ಬರ್ತಿಯೋ ಇಲ್ಲೋ ಅಂತ… ಕೇಳಾಕ ಧೈರ್ಯ ಆಗ್ಲಿಲ್ಲ.”

“ಗಾಲಿ ಬಿಚ್ಚಾಕ ಧೈರ್ಯ ಇತ್ತಲ್ಲ.”

“ಅದಕ್ಕ ಬಿಚ್ಚಿಲ್ಲಕ್ಕಾ. ಅವತ್ತು ನೋಡಾಕ ಬಿಚ್ಚಿದ್ದೂ ತಿರುಗಿ ಹಚ್ಚೀವಿ, ಹಳೇವು ಹಂಗ ಅದಾವು. ನೀ ಬಂದು ಬಿಚ್ಚು.”

ಅವ್ವ ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದು, ಮೂಗು ಎಳೆದುಕೊಂಡು, ಮತ್ತೆ ಹತ್ತಿರ ತಂದಳು. ದನಿ ಮಾತ್ರ ಅಂಗಡಿಯಲ್ಲಿ ಗಿರಾಕಿಗೆ ದರ ಹೇಳುವಷ್ಟು ಗಟ್ಟಿಯಿತ್ತು.

“ನಾಳೆ ಮುಂಜಾನಿ ಎಂಟರ ಬಸ್ಸಿಗೆ ಬರ್ತೀವಿ. ಮಕ್ತಲ್ ಬಸ್ ಸ್ಟ್ಯಾಂಡಿಗೆ ನೀನ ಬಾ, ಹುಡುಗನ್ನ ಕಳಿಸಬ್ಯಾಡ. ನಾ ಬರೋತನ ನನ್ನ ಗಾಲಿ ಯಾರೂ ಮುಟ್ಟಬಾರದು.”